ಧೈರ್ಯ ಯಾರದು, ನಷ್ಟ ಯಾರದು?

ಸ್ವಂತ ಉದ್ಯೋಗ ಆರಂಭಿಸಿ ಗೆದ್ದವರ ಕಥೆಗಳಿಗೆ ನಮ್ಮಲ್ಲಿ ಬರವಿಲ್ಲ. ವಾರಪತ್ರಿಕೆಗಳಲ್ಲಿ, ಶಾಲಾ ವಾರ್ಷಿಕೋತ್ಸವದ ಭಾಷಣಗಳಲ್ಲಿ, ತರಬೇತಿ ಶಿಬಿರಗಳ ಸಮಾರೋಪದಲ್ಲಿ ಅವು ತಪ್ಪದೆ ಬರುತ್ತವೆ. ಅಂಥ ಕಥೆಯ ನಡುವೆ ಎಲ್ಲೋ ಒಂದು ಸಾಲು ಇರುತ್ತದೆ: ತಾಯಿಯ ಬಳೆ ಅಡವಿಟ್ಟು ಬಂಡವಾಳ ಹೊಂದಿಸಿದರು ಎಂದು. ಮುಂದಿನ ಸಾಲಿಗೆ ಬರುವಷ್ಟರಲ್ಲಿ ಕಾರ್ಖಾನೆಯ ಶೆಡ್ಡು ಎದ್ದಿರುತ್ತದೆ. ಆ ತಾಯಿ ಬಳೆ ಬಿಚ್ಚಿಕೊಡುವಾಗ ಏನೆಂದಳು, ಅವಳನ್ನು ಯಾರಾದರೂ ಕೇಳಿದ್ದರೇ, ಇಲ್ಲ ಬೀರುವಿನ ಬೀಗದ ಕೈಯನ್ನಷ್ಟೇ ಕೇಳಿದ್ದರೇ, ಕಥೆ ಹೇಳುವುದಿಲ್ಲ. ಬಿಡಿಸಿಕೊಂಡು ಬಂದ ಬಳೆಗಳ ಕಥೆ ಅಚ್ಚಾಗುತ್ತದೆ. ಹರಾಜಿನಲ್ಲಿ ಹೋದ ಬಳೆಗಳಿಗೆ ಕಥೆಗಾರರಿಲ್ಲ.

ಹೊಸದೊಂದನ್ನು ಆರಂಭಿಸುವುದಕ್ಕೆ ಧೈರ್ಯ ಬೇಕು, ಒಪ್ಪಿದೆ. ಆದರೆ ಒಬ್ಬರ ಧೈರ್ಯದ ಬೆಲೆಯನ್ನು ಇನ್ನೊಬ್ಬರು ಕೊಡುವುದಾದರೆ ಅದನ್ನು ಧೈರ್ಯ ಎನ್ನಬಹುದೇ? ಈ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಶಿವಮೊಗ್ಗದಲ್ಲಿ ಬೆಳೆದು, ರಜೆ ಬಂದಾಗಲೆಲ್ಲ ಭದ್ರಾವತಿಯ ಚಿಕ್ಕಮ್ಮನ ಮನೆಗೆ ಓಡುತ್ತಿದ್ದ ನನ್ನಂಥವಳಿಗೆ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. ಆದರೂ ಮೊದಲು ಪುಸ್ತಕಗಳನ್ನೇ ಕೇಳೋಣ. ಜನ ಉದ್ದಿಮೆಗಳನ್ನು ಹೇಗೆ ಆರಂಭಿಸುತ್ತಾರೆ ಎಂಬುದನ್ನೇ ಓದಿನ ವಿಷಯ ಮಾಡಿಕೊಂಡ ವಿದ್ವಾಂಸರು ಪ್ರಪಂಚದಲ್ಲಿ ಬೇಕಾದಷ್ಟು ಜನರಿದ್ದಾರೆ.

ಅವರಲ್ಲಿ ಹಳಬ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲಂಡ್. ಕೆಲವು ಸಮಾಜಗಳು ಮುಂದೆ ಬರುತ್ತವೆ, ಕೆಲವು ಬರುವುದಿಲ್ಲ, ಏಕೆ ಎಂದು ಹುಡುಕಿಕೊಂಡು ಹೋದ ಆತ, ಸಾಧಿಸಬೇಕೆಂಬ ಒಳಗಿನ ಹಂಬಲವೇ ಅದಕ್ಕೆ ಕಾರಣವೆಂದು 1961ರಲ್ಲಿ ಒಂದು ದೊಡ್ಡ ಪುಸ್ತಕ ಬರೆದ. ಆ ಹಂಬಲವನ್ನು ಕಲಿಸಲು ಬರುತ್ತದೆಯೇ ಎಂದು ನೋಡಲು ಆತ ಬಂದದ್ದು ನಮ್ಮ ಪಕ್ಕದ ಆಂಧ್ರಕ್ಕೆ. 1960ರ ದಶಕದ ನಡುವೆ ಕಾಕಿನಾಡದ ವ್ಯಾಪಾರಸ್ಥರನ್ನು ಹೈದರಾಬಾದಿನ ಸಂಸ್ಥೆಯೊಂದಕ್ಕೆ ಕರೆಸಿ ತರಬೇತಿ ಕೊಟ್ಟರು. ಅದರಲ್ಲಿ ಒಂದು ಆಟವಿತ್ತು. ನಮ್ಮ ಮಾರಿಕಾಂಬೆಯ ಜಾತ್ರೆಯಲ್ಲಿ ಸೋಪು, ಬಾಚಣಿಗೆಗಳ ಮೇಲೆ ಬಳೆ ಎಸೆಯುವುದಿಲ್ಲವೇ, ಹಾಗೆಯೇ ಒಂದು ಗೂಟಕ್ಕೆ ಬಳೆ ಎಸೆಯುವುದು. ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದು ಆಡುವವರ ಇಷ್ಟ. ಸಾಧಿಸುವ ಹಂಬಲವುಳ್ಳವರು ತೀರಾ ಹತ್ತಿರವೂ ನಿಲ್ಲುವುದಿಲ್ಲ, ತೀರಾ ದೂರವೂ ನಿಲ್ಲುವುದಿಲ್ಲ. ಕಷ್ಟಪಟ್ಟರೆ ಬೀಳಬಹುದು ಎನ್ನುವಷ್ಟು ದೂರ ನೋಡಿಕೊಂಡು ನಿಲ್ಲುತ್ತಾರೆ. ತರಬೇತಿ ಮುಗಿಸಿ ಊರಿಗೆ ಹೋದವರು, ತರಬೇತಿ ಇಲ್ಲದವರಿಗಿಂತ ಹೆಚ್ಚು ಚುರುಕಾಗಿ ವ್ಯಾಪಾರ ವಿಸ್ತರಿಸಿದರು ಎಂದು ಮೆಕ್‌ಕ್ಲೆಲಂಡ್ ಮತ್ತು ಜೊತೆಗಾರ ಡೇವಿಡ್ ವಿಂಟರ್ 1969ರಲ್ಲಿ ಬರೆದರು.

ಆಟ ಚೆನ್ನಾಗಿದೆ. ಆದರೆ ಜಾತ್ರೆಯ ಆಟದಲ್ಲಿ ಬಳೆ ಗುರಿ ತಪ್ಪಿದರೆ ಹೋಗುವುದು ಚಿಲ್ಲರೆ ಕಾಸು. ಮನೆಯಲ್ಲಿ ಯಾರೂ ಉಪವಾಸ ಬೀಳುವುದಿಲ್ಲ. ನಿಜವಾದ ಉದ್ದಿಮೆಯಲ್ಲಿ ಎಸೆಯುವವನ ಹಿಂದೆ ಒಂದು ಸಂಸಾರವೇ ನಿಂತಿರುತ್ತದೆ. ಎಸೆದದ್ದು ಯಾರ ಬಳೆ ಎಂಬುದನ್ನು ಆ ಆಟ ಅಳೆಯುವುದಿಲ್ಲ.

ಎರಡನೆಯವರು ನಮ್ಮ ದೇಶದಲ್ಲೇ ಹುಟ್ಟಿ ಬೆಳೆದ ಹೆಂಗಸು, ಸರಸ್ ಸರಸ್ವತಿ. ಅಮೆರಿಕಕ್ಕೆ ಹೋಗಿ, ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಿದವರು. ಹಲವು ವರ್ಷ ಪಳಗಿದ 27 ಮಂದಿ ಉದ್ಯಮಿಗಳ ಮುಂದೆ ಆಕೆ ಒಂದೇ ಸಮಸ್ಯೆಯನ್ನಿಟ್ಟರು. ಇನ್ನೂ ಹುಟ್ಟದಿರುವ ಒಂದು ವ್ಯಾಪಾರವನ್ನು ನೀವು ಹೇಗೆ ಕಟ್ಟುತ್ತೀರಿ, ಯೋಚಿಸುವುದನ್ನೆಲ್ಲ ಗಟ್ಟಿಯಾಗಿ ಹೇಳುತ್ತಾ ಹೋಗಿ ಎಂದರು. ಅವರಿಗೆ ಕಂಡದ್ದನ್ನು 2001ರಲ್ಲಿ ಪ್ರಕಟಿಸಿದರು. ಪಾಠಪುಸ್ತಕಗಳು ಹೇಳುವಂತೆ ಮೊದಲು ಗುರಿ, ಆಮೇಲೆ ಮಾರುಕಟ್ಟೆಯ ಸಮೀಕ್ಷೆ, ಆಮೇಲೆ ಬಂಡವಾಳ ಎಂಬ ಕ್ರಮದಲ್ಲಿ ಇವರಲ್ಲಿ ಹೆಚ್ಚಿನವರು ನಡೆಯುವುದೇ ಇಲ್ಲ. ನಾನು ಯಾರು, ನನಗೇನು ಗೊತ್ತು, ನನಗೆ ಯಾರು ಗೊತ್ತು ಎಂಬಲ್ಲಿಂದ ಹೊರಡುತ್ತಾರೆ.

ಇದನ್ನು ವಿವರಿಸಲು ಸರಸ್ವತಿಯವರು ಅಡುಗೆಮನೆಯ ಉದಾಹರಣೆ ಕೊಡುತ್ತಾರೆ. ಅಡುಗೆಯ ಪಟ್ಟಿ ಮಾಡಿಕೊಂಡು, ಅದಕ್ಕೆ ತಕ್ಕ ಸಾಮಾನು ತಂದು ಬೇಯಿಸುವುದು ಒಂದು ಬಗೆ. ಅಡುಗೆಮನೆಯಲ್ಲಿ ಇರುವುದನ್ನು ನೋಡಿ, ಅದರಲ್ಲಿ ಏನಾಗುತ್ತದೋ ಅದನ್ನು ಮಾಡುವುದು ಇನ್ನೊಂದು ಬಗೆ. ಓದಿದಾಗ ನನಗೆ ನಗು ಬಂತು. ಮಳೆಗಾಲದ ಸಂಜೆ ಹೇಳದೆ ಕೇಳದೆ ನಾಲ್ಕು ಜನ ನೆಂಟರು ಬಂದರೆ ಮಲೆನಾಡಿನ ಯಾವ ಹೆಂಗಸು ಸಾಮಾನಿನ ಪಟ್ಟಿ ಬರೆಯುತ್ತಾಳೆ? ಡಬ್ಬಿ ತೆಗೆದು ನೋಡುತ್ತಾಳೆ. ಹಿತ್ತಿಲಿಗೆ ಹೋಗಿ ಒಂದೆಲಗ ಕಿತ್ತು ತರುತ್ತಾಳೆ. ತಂಬುಳಿಯಾಗುತ್ತದೆ, ಹಪ್ಪಳ ಸುಡುತ್ತಾಳೆ, ಊಟ ಮುಗಿಯುತ್ತದೆ. ವಿದ್ವತ್ತಿನ ಲೋಕ ಈ ಜಾಣ್ಮೆಗೆ ಹೆಸರಿಡಲು 2001ನೇ ಇಸವಿಯವರೆಗೆ ಕಾಯಬೇಕಾಯಿತು.

ಸರಸ್ವತಿಯವರು ಹೇಳುವ ಇನ್ನೊಂದು ಸೂತ್ರ ನನಗೆ ಬಹಳ ಮುಖ್ಯವಾಗಿ ಕಂಡಿತು. ಪಳಗಿದ ಉದ್ಯಮಿ ಎಷ್ಟು ಲಾಭ ಬಂದೀತು ಎಂದು ಲೆಕ್ಕ ಹಾಕುವುದಕ್ಕೆ ಮೊದಲು, ಎಷ್ಟು ಹೋದರೆ ತಡೆದುಕೊಂಡೇನು ಎಂದು ಲೆಕ್ಕ ಹಾಕುತ್ತಾನಂತೆ. ತಾಳಿಕೊಳ್ಳಬಹುದಾದ ನಷ್ಟ ಎಂದು ಅದನ್ನು ಕರೆಯೋಣ. ಇದಕ್ಕೆ ನಮ್ಮವರದೇ ಉದಾಹರಣೆಯಿದೆ. 1981ರಲ್ಲಿ ಇನ್ಫೋಸಿಸ್ ಆರಂಭಿಸಲು ನಾರಾಯಣ ಮೂರ್ತಿಯವರಿಗೆ ತಮ್ಮ ಉಳಿತಾಯದಿಂದ 10,000 ರೂಪಾಯಿ ಕೊಟ್ಟವರು ಸುಧಾ ಮೂರ್ತಿ. ಈ ಕಥೆ ಎಲ್ಲರಿಗೂ ಗೊತ್ತು. ತಮ್ಮ ಬಳಿ ಇದ್ದದ್ದು 10,250, ಅದರಲ್ಲಿ 250 ಇಟ್ಟುಕೊಂಡು ಉಳಿದದ್ದು ಕೊಟ್ಟೆ ಎಂದು ಅವರೇ ಹೇಳಿದ್ದಾರೆ. ಜನ ಹತ್ತು ಸಾವಿರದ ಮಾತಾಡುತ್ತಾರೆ. ನನ್ನ ಮನಸ್ಸು ಆ ಇನ್ನೂರೈವತ್ತರಲ್ಲಿ ನಿಲ್ಲುತ್ತದೆ. ಅಲ್ಲಿ ಹಣ ಆಕೆಯದೇ, ಕೊಡುವ ಮನಸ್ಸೂ ಆಕೆಯದೇ, ಎಷ್ಟು ಉಳಿಸಿಕೊಳ್ಳಬೇಕೆಂಬ ಗೆರೆಯೂ ಆಕೆಯದೇ. ಎಲ್ಲ ಮನೆಗಳಲ್ಲೂ ಈ ಮೂರೂ ಒಬ್ಬಳ ಕೈಯಲ್ಲೇ ಇರುತ್ತವೆಯೇ?

ತಾಳಿಕೊಳ್ಳಬಹುದಾದ ನಷ್ಟ ಎಂದಾಗ ತಾಳಿಕೊಳ್ಳುವವರು ಯಾರು ಎಂಬ ಪ್ರಶ್ನೆ ಬಂದೇ ಬರುತ್ತದೆ. ಈ ಪ್ರಶ್ನೆಯನ್ನು ಭದ್ರಾವತಿಯಷ್ಟು ಚೆನ್ನಾಗಿ ಕಲಿಸಬಲ್ಲ ಊರು ಇನ್ನೊಂದಿಲ್ಲ.

ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟುವ ಕೆಲಸಕ್ಕೆ ಮೈಸೂರು ಸಂಸ್ಥಾನ 1918ರಲ್ಲಿ ಕೈಹಾಕಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಸೌದೆಯಿಂದ ಸುಟ್ಟ ಇದ್ದಿಲು, ಭದ್ರಾ ನದಿಯ ನೀರು, ಅಂದರೆ ಇದೂ ಮನೆಯಲ್ಲಿ ಇರುವುದನ್ನು ನೋಡಿಯೇ ಮಾಡಿದ ಅಡುಗೆ. 1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ಅಷ್ಟರಲ್ಲಿ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಇಳಿದಿತ್ತು. ಮೊದಲ ವರ್ಷಗಳು ನಷ್ಟದಲ್ಲೇ ಹೋದವು. ಬಡ ಸಂಸ್ಥಾನಕ್ಕೆ ಇಂಥ ದೊಡ್ಡಸ್ತಿಕೆ ಬೇಕಿತ್ತೇ ಎಂದು ಟೀಕಿಸಿದವರಿದ್ದರು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು 1923ರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು, ಖರ್ಚಿಗೆ ಲಗಾಮು ಹಾಕಿ, ಕಾರ್ಖಾನೆಯನ್ನು ನಿಲ್ಲಿಸಿದರು. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ನ್ಯೂಟೌನು, ಪೇಪರ್ ಟೌನು ಎಂದು ಊರು ಬೆಳೆಯಿತು. ಸೈರನ್ ಕೂಗಿದಾಗ ಅಕ್ಕಿ ತೊಳೆದಿಡುವುದು, ಪಾಳಿ ನೋಡಿಕೊಂಡು ಮದುವೆಯ ಮುಹೂರ್ತ ಗೊತ್ತುಮಾಡುವುದು, ಹೀಗೆ ಅಲ್ಲಿನ ಹೆಂಗಸರ ದಿನಚರಿಯೇ ಕಾರ್ಖಾನೆಯ ಗಡಿಯಾರಕ್ಕೆ ಹೊಂದಿಕೊಂಡಿತ್ತು.

ಆ ಮೊದಲ ವರ್ಷಗಳ ನಷ್ಟ ಹೊತ್ತವರು ಯಾರು? ಸಂಸ್ಥಾನದ ಬೊಕ್ಕಸ, ಎಂದರೆ ಲಕ್ಷಾಂತರ ಪ್ರಜೆಗಳು. ಒಬ್ಬೊಬ್ಬರ ಪಾಲಿಗೆ ಬಂದದ್ದು ಒಂದು ಚಿಟಿಕೆ. ಲೆಕ್ಕ ಊರೆದುರು ಇತ್ತು, ಬೈಯುವವರು ಬೈದರು, ಸಮರ್ಥಿಸುವವರು ಸಮರ್ಥಿಸಿದರು. ಕಾಡಿನ ಮರಗಳು ಕೊಟ್ಟ ಬೆಲೆಯನ್ನು ಅಂದು ಯಾರೂ ಲೆಕ್ಕಕ್ಕೆ ಬರೆಯಲಿಲ್ಲ ಎಂಬುದು ಬೇರೆ ಮಾತು. ಹೊರೆ ಹಂಚಿಹೋದದ್ದರಿಂದ ಯಾವ ಮನೆಯ ಒಲೆಯೂ ಆರಲಿಲ್ಲ. ದೊಡ್ಡ ಸಾಹಸಗಳನ್ನು ಸರಕಾರ ಮಾಡುವುದರಲ್ಲಿ ಒಂದು ನ್ಯಾಯವಿದ್ದರೆ ಅದು ಇದೇ.

ಕಾರ್ಖಾನೆಗಳು ಸೊರಗಿದಾಗ ಮಾತ್ರ ಹೊರೆ ಹೀಗೆ ಹಂಚಿಹೋಗಲಿಲ್ಲ. ಕಾಗದದ ಕಾರ್ಖಾನೆಯ ಯಂತ್ರಗಳು 2015ರ ಹೊತ್ತಿಗೆ ನಿಂತವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕುಳಿತರು. ಸಂಬಳ ನಿಂತ ಮನೆಗಳಲ್ಲಿ ಆಮೇಲೆ ಏನಾಯಿತು? ಒಬ್ಬರು ಆಟೋ ತೆಗೆದುಕೊಂಡರು, ಒಬ್ಬರು ಚಹದ ಅಂಗಡಿ ಇಟ್ಟರು, ಹೆಂಗಸರು ಹೊಲಿಗೆ, ಟ್ಯೂಷನ್ನು, ಚಕ್ಕುಲಿ ಕೋಡುಬಳೆ ಎಂದು ಕೈಹಚ್ಚಿದರು. ಹೊಸ ಉದ್ದಿಮೆಗಳನ್ನು ದೇಶದೇಶಗಳಲ್ಲಿ ಎಣಿಸುವ ಒಂದು ಅಂತರರಾಷ್ಟ್ರೀಯ ಸಮೀಕ್ಷೆ 1999ರಿಂದ ನಡೆಯುತ್ತಿದೆ. ಅವಕಾಶ ಕಂಡು ಆರಂಭಿಸಿದವರು, ಬೇರೆ ದಾರಿಯಿಲ್ಲದೆ ಆರಂಭಿಸಿದವರು ಎಂದು ಅದು ಎರಡು ಬಗೆ ಮಾಡಿತು. ಭದ್ರಾವತಿಯ ಎಷ್ಟೋ ಅಂಗಡಿಗಳು ಎರಡನೆಯ ಬಗೆಯವು. ಅವರ ಧೈರ್ಯವನ್ನು ಹೊಗಳುವಾಗ ನಾವು ಸ್ವಲ್ಪ ತಡೆಯಬೇಕು. ನೀರಿಗೆ ತಳ್ಳಿಸಿಕೊಂಡವನು ಈಜುವುದನ್ನು ನೋಡಿ ದಡದ ಮೇಲೆ ನಿಂತು ಚಪ್ಪಾಳೆ ತಟ್ಟುವುದು ಮರ್ಯಾದೆಯಲ್ಲ.

ಚಿಕ್ಕಮ್ಮನ ಮನೆಯ ಸಂಗತಿ ಇದಕ್ಕೆ ಸೇರಿದ್ದಲ್ಲ. ಚಿಕ್ಕಪ್ಪ ಕಾಲಕ್ಕೆ ಸರಿಯಾಗಿ ನಿವೃತ್ತರಾಗಿ ಇಡುಗಂಟು ತಂದವರು. ಮಗನಿಗೆ ಲೇತ್ ಕೆಲಸದಲ್ಲಿ ಒಳ್ಳೆಯ ಕೈ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಿನ ಮಾಚೇನಹಳ್ಳಿಯಲ್ಲಿ ಒಂದು ಶೆಡ್ಡು ಹಿಡಿದು ವರ್ಕ್‌ಶಾಪು ಹಾಕುತ್ತೇನೆಂದು ಹೊರಟ. ಮನೆಯಲ್ಲಿ ಎಲ್ಲರಿಗೂ ಉತ್ಸಾಹ. ಊಟಕ್ಕೆ ಕುಳಿತಾಗ ಚಿಕ್ಕಮ್ಮ ಸಾರು ಬಡಿಸುತ್ತಾ ಕೇಳಿದಳು, "ಅಲ್ಲ ಕಣೋ, ದುಡ್ಡು ಹೋದ್ರೆ ನಾವು ತಿನ್ನೋದೇನು?"

ಚಿಕ್ಕಪ್ಪನಿಗೆ ಸಿಟ್ಟು ಬಂತು. "ಒಳ್ಳೆ ಕೆಲಸ ಶುರು ಮಾಡೋವಾಗ ಅಪಶಕುನ ನುಡೀಬೇಡ್ವೆ" ಎಂದರು.

"ಅಪಶಕುನ ಅಲ್ರೀ, ಲೆಕ್ಕ" ಎಂದಳು ಚಿಕ್ಕಮ್ಮ. "ಅವನು ಮಾಡ್ಲಿ. ಬೇಡ ಅಂದ್ನಾ? ಅರ್ಧ ಅವನಿಗೆ ಕೊಡಿ, ಅರ್ಧ ನನ್ನ ಹೆಸರಲ್ಲಿ ಬ್ಯಾಂಕಲ್ಲಿ ಇಡಿ. ಅದನ್ನ ಯಾರೂ ಕೇಳಬಾರದು."

ವಾರಗಟ್ಟಲೆ ಮುನಿಸು ನಡೆಯಿತು. ಕೊನೆಗೆ ಹಾಗೆಯೇ ಆಯಿತು. ವರ್ಕ್‌ಶಾಪು ನಾಲ್ಕು ವರ್ಷ ನಡೆಯಿತು. ದೊಡ್ಡ ಆರ್ಡರುಗಳ ಹಣ ಕೈಸೇರುವಷ್ಟರಲ್ಲಿ ಬಡ್ಡಿ ಬೆಳೆಯುತ್ತಿತ್ತು. ಐದನೇ ವರ್ಷ ಯಂತ್ರ ಮಾರಿ ಸಾಲ ತೀರಿಸಿದ. ಈಗ ಬೇರೊಬ್ಬರ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಚಿಕ್ಕಮ್ಮನ ಅರ್ಧ ಇದ್ದದ್ದರಿಂದ ಮನೆ ಮನೆಯಾಗಿ ಉಳಿಯಿತು, ತಂದೆ ಮಗ ಮಾತಾಡಿಕೊಂಡು ಇದ್ದಾರೆ. ಆಕೆ ಯಾವ ಪುಸ್ತಕವನ್ನೂ ಓದಿರಲಿಲ್ಲ. ತಾಳಿಕೊಳ್ಳಬಹುದಾದ ನಷ್ಟವನ್ನು, ಅದನ್ನು ತಾಳಿಕೊಳ್ಳಬೇಕಾದವಳೇ ಲೆಕ್ಕ ಹಾಕಿದ್ದಳು, ಅಷ್ಟೆ.

ಇಷ್ಟಕ್ಕೇ ನಿಲ್ಲಿಸಿದರೆ ಹೆಂಗಸರ ಕೆಲಸ ಬ್ರೇಕು ಹಾಕುವುದು ಎಂದಂತಾಗುತ್ತದೆ. ಕಥೆಗೆ ಇನ್ನೊಂದು ಅರ್ಧ ಇದೆ. ಇದೇ ಚಿಕ್ಕಮ್ಮ ತೊಂಬತ್ತರ ದಶಕದಲ್ಲಿ, ಊರಿಗೆ ಓದಲು ಬರುವ ಹುಡುಗರಿಗೆ ಮನೆಯಲ್ಲೇ ಊಟ ಹಾಕುವ ಮೆಸ್ಸು ನಡೆಸುತ್ತೇನೆಂದಿದ್ದಳು. ಬೇಕಾಗಿದ್ದದ್ದು ಎರಡು ದೊಡ್ಡ ಪಾತ್ರೆ, ಒಂದು ಗ್ಯಾಸ್ ಒಲೆ. ಮನೆಯವರು ಒಪ್ಪಲಿಲ್ಲ. ನಷ್ಟವಾದರೆ ಎಂದರು, ನಾಲ್ಕು ಜನ ಏನೆಂದಾರು ಎಂದರು. ಮಗನ ಲಕ್ಷಗಳ ವಿಷಯದಲ್ಲಿ ಅಪಶಕುನವೆನಿಸಿದ ಪ್ರಶ್ನೆ, ತಾಯಿಯ ಎರಡು ಪಾತ್ರೆಗಳ ವಿಷಯದಲ್ಲಿ ವಿವೇಕವೆನಿಸಿತ್ತು. ಗಂಡು ಸೋತರೆ ಅದು ಅನುಭವ. ಹೆಣ್ಣು ಸೋತರೆ "ನಾನು ಮೊದಲೇ ಹೇಳಿರಲಿಲ್ವಾ?" ಸೋಲುವ ಹಕ್ಕಿನಲ್ಲೂ ನಮ್ಮ ಮನೆಗಳಲ್ಲಿ ಸಮಪಾಲಿಲ್ಲ.

ಈಗ ಕಾಲ ಬದಲಾಗಿದೆ, ಹೆಂಗಸರಿಗೆ ಕೇಳಿದರೆ ಸಾಲ ಸಿಗುತ್ತದೆ ಎನ್ನುತ್ತೀರಿ. ನಿಜ. ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಬಂತು, ಸಂಘಗಳಾದವು, ಕಿರುಸಾಲದ ಕಂಪನಿಗಳು ಮನೆಬಾಗಿಲಿಗೇ ಬಂದವು. ಈ ಸಾಲ ಹೆಂಗಸರನ್ನು ಉದ್ಯಮಿಗಳನ್ನಾಗಿ ಮಾಡಿತೇ? ಅಭಿಜಿತ್ ಬ್ಯಾನರ್ಜಿ, ಎಸ್ತರ್ ದುಫ್ಲೋ ಮತ್ತು ಸಂಗಡಿಗರು ಹೈದರಾಬಾದಿನ 104 ಬಡ ಬಡಾವಣೆಗಳಲ್ಲಿ 2005ರಿಂದ ಇದನ್ನೇ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲೇ ವ್ಯಾಪಾರವಿದ್ದವರು ಅದನ್ನು ಸ್ವಲ್ಪ ಬೆಳೆಸಿಕೊಂಡರು. ಮನೆಯ ತೀರ್ಮಾನಗಳಲ್ಲಿ ಹೆಣ್ಣಿನ ಮಾತಿಗೆ ತೂಕ ಬಂದದ್ದು ಕಾಣಲಿಲ್ಲ, ಮಕ್ಕಳ ಓದಿನಲ್ಲೂ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ.

ಶ್ರೀಲಂಕಾದಲ್ಲಿ ಇನ್ನೊಂದು ಪರೀಕ್ಷೆ ನಡೆದಿತ್ತು. ಸಣ್ಣ ವ್ಯಾಪಾರದವರಿಗೆ ಸಾಲವಾಗಿ ಅಲ್ಲದೆ ಸುಮ್ಮನೆ ಬಂಡವಾಳ ಕೊಟ್ಟು ನೋಡಿದರು. ಗಂಡಸರ ಅಂಗಡಿಗಳಲ್ಲಿ ಲಾಭ ಏರಿತು, ಹೆಂಗಸರವುಗಳಲ್ಲಿ ಏರಲಿಲ್ಲ. ಹೆಣ್ಣಿಗೆ ವ್ಯಾಪಾರದ ಬುದ್ಧಿ ಸಾಲದು ಎಂದು ಕೆಲವರಿಗಾದರೂ ಅನಿಸಿರಬೇಕು. 2019ರಲ್ಲಿ ಬೇರೆ ಸಂಶೋಧಕರು ಭಾರತ, ಶ್ರೀಲಂಕಾ, ಘಾನಾ ದೇಶಗಳ ಅಂಕಿಗಳನ್ನು ಒಟ್ಟಿಗೆ ಹರಡಿಕೊಂಡು ಕುಳಿತರು. ಗುಟ್ಟು ಬಯಲಾಯಿತು. ಹೆಂಗಸಿಗೆ ಕೊಟ್ಟ ಹಣ ಗಂಡನ ವ್ಯಾಪಾರಕ್ಕೆ ಹೋಗುತ್ತಿತ್ತು. ಮನೆಯಲ್ಲಿ ಆಕೆಯದೊಂದೇ ಉದ್ಯೋಗವಿದ್ದ ಕಡೆ ಅವಳ ಲಾಭ ಗಂಡಸರ ಲಾಭಕ್ಕೆ ಸಮನಾಗಿತ್ತು.

ಇದನ್ನು ಓದಿದಾಗ ನನಗೆ ನಮ್ಮ ಬೀದಿಯ ಹೊಲಿಗೆಯಾಕೆ ನೆನಪಾದಳು. ಯಂತ್ರಕ್ಕೆ ಮೋಟಾರು ಹಾಕಿಸಲು ಸಾಲ ಎತ್ತಿದ್ದಳು. ಹಣ ಗಂಡನ ಆಟೋ ರಿಪೇರಿಗೆ ಹೋಯಿತು. ಇದನ್ನು ಅನ್ಯಾಯ ಎಂದು ತಟ್ಟನೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಆಟೋ ಓಡಿದರೆ ದಿನದ ಗಳಿಕೆ ಹೆಚ್ಚು. ಕೂಡಿ ಬಾಳುವ ಮನೆಯಲ್ಲಿ ಅದೇ ಸರಿಯಾದ ಲೆಕ್ಕವಿರಬಹುದು. ಅವಳೂ ಹಾಗೆಯೇ ಹೇಳಿದಳು, "ನಂದೇನು ಅವ್ರದ್ದೇನು ಅಕ್ಕಾ, ಎಲ್ಲಾ ಒಂದೇ ಮನೆ." ಆದರೆ ವಾರದ ಕಂತಿನ ದಿನ ಸಂಘದ ಹೆಂಗಸರ ನಡುವೆ ತಲೆ ತಗ್ಗಿಸಿ ಕೂರುವವಳು ಅವಳೊಬ್ಬಳೇ. ಹಣ ಬರುವಾಗ ಒಂದೇ ಮನೆ, ವಸೂಲಿಗೆ ಬಂದಾಗ ಒಬ್ಬಳದೇ ಹೆಸರು. ಹೀಗೆ ಕಂತು ಕಟ್ಟಲಾಗದವರ ಮೇಲಿನ ಕಿರುಕುಳ ಎಷ್ಟಕ್ಕೆ ಮುಟ್ಟಿತೆಂದರೆ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ಹಾಗಾದರೆ ಹೆಂಗಸರು ಕೈಕಟ್ಟಿ ಕೂರಬೇಕೇ? ಖಂಡಿತ ಬೇಡ. ಅಹಮದಾಬಾದಿನ ಸೇವಾ ಬ್ಯಾಂಕಿನಲ್ಲಿ ನಡೆದ ಒಂದು ಸಣ್ಣ ಪ್ರಯೋಗ ನನಗೆ ಬಹಳ ಹಿಡಿಸಿತು. ಹೆಂಗಸರಿಗೆ ಎರಡು ದಿನದ ವ್ಯಾಪಾರ ತರಬೇತಿ. ಕೆಲವರನ್ನು ಒಬ್ಬೊಬ್ಬರಾಗಿ ಕರೆದರು, ಕೆಲವರಿಗೆ ಒಬ್ಬ ಗೆಳತಿಯನ್ನು ಕರೆದುಕೊಂಡು ಬನ್ನಿ ಎಂದರು. ಪಾಠ ಒಂದೇ. ನಾಲ್ಕು ತಿಂಗಳ ಮೇಲೆ ನೋಡಿದರೆ, ಗೆಳತಿಯೊಡನೆ ಬಂದವರೇ ಹೆಚ್ಚಾಗಿ ಸಾಲ ಪಡೆದು ಅದನ್ನು ತಮ್ಮ ಕೆಲಸಕ್ಕೇ ಹಾಕಿದ್ದರು. ಮನೆಯ ಆದಾಯವೂ ಏರಿತ್ತು. ಪಕ್ಕದಲ್ಲಿ ಒಬ್ಬಳು ಕುಳಿತಿದ್ದರೆ ಸಾಕು, ನನ್ನ ಆಸೆಯೂ ಆಸೆಯೇ ಎಂದು ಅನಿಸುತ್ತದೆ. 1959ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಹಪ್ಪಳ ಒತ್ತಿದರು. ಅದೇ ಮುಂದೆ ಲಿಜ್ಜತ್ ಆಯಿತು. ಲಾಭವಾದರೂ ನಷ್ಟವಾದರೂ ಎಲ್ಲರೂ ಹಂಚಿಕೊಳ್ಳುವುದೆಂಬುದು ಅಲ್ಲಿನ ಕಟ್ಟಳೆ. ನಷ್ಟವನ್ನು ಹಂಚಿಕೊಂಡು ಹಗುರ ಮಾಡುವ ವಿದ್ಯೆಯನ್ನು ಅವರು ಬೊಕ್ಕಸವಿಲ್ಲದೆಯೇ ಸಾಧಿಸಿದರು.

ಪ್ರತಿಯೊಂದಕ್ಕೂ ಎಲ್ಲರನ್ನೂ ಕೇಳುತ್ತಾ ಕುಳಿತರೆ ಯಾವ ಕೆಲಸವೂ ಆರಂಭವಾಗುವುದಿಲ್ಲ ಎಂಬ ಆಕ್ಷೇಪಣೆಯಲ್ಲಿ ಸತ್ಯವಿದೆ. ಎಲ್ಲರ ಒಪ್ಪಿಗೆಗೆ ಕಾದಿದ್ದರೆ ಭದ್ರಾವತಿಯ ಕುಲುಮೆ ಹೊತ್ತುತ್ತಲೇ ಇರಲಿಲ್ಲ. ಆದರೆ ಒಪ್ಪಿಗೆ ಬೇರೆ, ತಿಳಿಸುವುದು ಬೇರೆ. ಹೋದರೆ ಎಷ್ಟು ಹೋಗುತ್ತದೆ, ಯಾರದು ಹೋಗುತ್ತದೆ ಎಂಬ ಎರಡು ಮಾತನ್ನು ಮುಚ್ಚುಮರೆಯಿಲ್ಲದೆ ಊಟದ ಮನೆಯಲ್ಲಿ ಆಡುವುದಕ್ಕೆ ಒಂದು ಸಂಜೆ ಸಾಕು. ಅದನ್ನು ಆಡಲಾರದವನ ಧೈರ್ಯದಲ್ಲಿ ಏನೋ ಕೊರತೆಯಿದೆ. ಮಾರುಕಟ್ಟೆಯನ್ನು ಎದುರಿಸುವವನು ಹೆಂಡತಿಯ ಪ್ರಶ್ನೆಯನ್ನು ಎದುರಿಸಲಾರ ಎಂದಾಯಿತು. ಇನ್ನು ಆ ಲೆಕ್ಕ ಮಗನಿಗೊಂದು, ಸೊಸೆಗೊಂದು ಆಗಬಾರದು. ಅವನಿಗೆ ಲಕ್ಷ ಕಳೆಯುವ ಸ್ವಾತಂತ್ರ್ಯ ಕೊಡುವ ಮನೆ ಅವಳಿಗೆ ಎರಡು ಪಾತ್ರೆ ಕಳೆಯುವ ಸ್ವಾತಂತ್ರ್ಯವನ್ನಾದರೂ ಕೊಡಲಿ.

ಅಕ್ಕನ ಮಗಳು ಈಗ ಕೆಲಸ ಬಿಟ್ಟು ಅಪ್ಪೆಮಿಡಿ ಉಪ್ಪಿನಕಾಯಿಯ ಉದ್ಯೋಗಕ್ಕೆ ಕೈಹಾಕುತ್ತಿದ್ದಾಳೆ, ನನ್ನಲ್ಲಿ ಒಂದಿಷ್ಟು ಹಣ ಕೇಳಿದ್ದಾಳೆ. ಕೊಡುತ್ತೇನೆ. ಎಷ್ಟು ಎಂಬುದನ್ನು ನಾನೇ ಗೊತ್ತು ಮಾಡಿದ್ದೇನೆ; ಹೋದರೂ ನನ್ನ ಔಷಧಿಗೆ, ಹಾಲಿಗೆ ತೊಂದರೆಯಾಗದಷ್ಟು. ಆ ಮೊತ್ತವನ್ನೂ ಈ ಕಾರಣವನ್ನೂ ಅವಳಿಗೆ ಹೇಳಿದ್ದೇನೆ. ಹೋದರೆ ಯಾವ ಮದುವೆ ಮುಂಜಿಯಲ್ಲೂ ನಾನು ಅದನ್ನು ಎತ್ತಿ ಆಡುವುದಿಲ್ಲ ಎಂದೂ ಹೇಳಿದ್ದೇನೆ. ಈ ಕೊನೆಯ ಮಾತಿಗೇ ಅವಳಿಗೆ ಹೆಚ್ಚು ಸಮಾಧಾನವಾದಂತೆ ಕಂಡಿತು. ಹಣವನ್ನು ಬ್ಯಾಂಕೂ ಕೊಡುತ್ತದೆ. ಸೋತ ಮೇಲೂ ಮುಖ ಎತ್ತಿ ಮನೆಗೆ ಬರಬಹುದೆಂಬ ಮಾತನ್ನು ನಾವೇ ಕೊಡಬೇಕು.